ಎಂಟು ದಿನದ ಮಟ್ಟಿಗೆ

ಸಿಂದಗಿಯ ಅಂಚೆ ಕಚೇರಿಯಲ್ಲಿ ಪೋಸ್ಟ್ ಮಾಸ್ತರನಾಗಿದ್ದ ಸಿದ್ಧರಾಮನ ನಿವೃತ್ತಿಗೆ ಇನ್ನು ಒಂಬತ್ತು ತಿಂಗಳು ಬಾಕಿ ಇತ್ತು. ಕುಟುಂಬ ಕರೆದುಕೊಂಡು ದೇಶ ನೋಡಿಬರಲು ಸರಕಾರ ಕೊಡುವ ಪ್ರವಾಸದ ಸವಲತ್ತನ್ನು ಅವನು ಮೂವತ್ತು ವರ್ಷದಲ್ಲಿ ಒಮ್ಮೆಯೂ ಮುಟ್ಟಿರಲಿಲ್ಲ. ಈ ಸಲ ಬಿಟ್ಟರೆ ಮುಗಿಯಿತು ಎಂದು ಮೊದಲು ಹೇಳಿದವನು ಮಗ ಅಮಿತ. ಇಪ್ಪತ್ತಮೂರರ ಅಮಿತ ಇಂಡಿ ಊರಿನ ಖಾಸಗಿ ಶಾಲೆಯೊಂದರಲ್ಲಿ ಆಟದ ಮಾಸ್ತರನಾಗಿದ್ದ. ಅಲ್ಲೇ ಒಂದು ಖೋಲಿ ಹಿಡಿದಿದ್ದ, ಶನಿವಾರ ಮಧ್ಯಾಹ್ನದ ಬಸ್ಸಿಗೆ ಮನೆಗೆ ಬರುತ್ತಿದ್ದ. ಆಗಸ್ಟ್ ತಿಂಗಳ ಒಂದು ಶನಿವಾರ ಊಟಕ್ಕೆ ಕೂತಾಗ ಅವನು ರೊಟ್ಟಿ ಮುರಿಯುವುದು ಬಿಟ್ಟು ಮೊಬೈಲು ತೆಗೆದು ಎಲ್ಲರೆದುರು ಹಿಡಿದ. ಅಂಡಮಾನ್ ದ್ವೀಪದ ಚಿತ್ರಗಳು. ನೀರಿನ ಅಂಚಿನತನಕ ಇಳಿದ ಕಾಡು, ಆ ಕಾಡಿನೊಳಗೆ ಸಣ್ಣ ಕಾಲುದಾರಿ, ತಳ ಕಾಣುವ ಸಮುದ್ರ.

ಡಿಸೆಂಬರಿನಲ್ಲಿ ಎಂಟು ದಿನ. ಅವನು ಎಲ್ಲ ಲೆಕ್ಕ ಹಾಕಿಕೊಂಡೇ ಬಂದಿದ್ದ. ಹೋಟೆಲಿನಲ್ಲಿ ಮಲಗಿ ಬರುವ ಪ್ರವಾಸ ಅದಾಗಬಾರದು. ಒಂದು ದಿನ ಕಾಡಿನಲ್ಲಿ ನಡೆದು ಜಲಪಾತಕ್ಕೆ, ಒಂದು ದಿನ ನೀರಲ್ಲೇ ಬೇರುಬಿಟ್ಟ ಗಿಡಗಳ ನಡುವೆ ಹುಟ್ಟು ಹಾಕುತ್ತ ದೋಣಿಯಲ್ಲಿ, ಒಂದು ದಿನ ಕಣ್ಣು ಮೂಗು ಮುಚ್ಚುವ ಕನ್ನಡಕ, ಬಾಯಿಗೆ ಕೊಳವೆ ಹಾಕಿಕೊಂಡು ನೀರೊಳಗೆ ಮುಖ ಇಟ್ಟು ಮೀನು ನೋಡುವುದು. ಅಮಿತನ ಅಜ್ಜಿ ಗುರವ್ವ ಎಲ್ಲವನ್ನೂ ಕೇಳಿಸಿಕೊಂಡು, ಬ್ರಿಟಿಷರು ಕೈದಿಗಳನ್ನು ಕಳಿಸುತ್ತಿದ್ದ ಕರಿನೀರಿನ ಜಾಗ ಅದಲ್ಲವೇನೋ, ಅಲ್ಲಿಗೆ ಯಾರಾದರೂ ತಾವಾಗಿ ಹೋಗುತ್ತಾರೇನು ಎಂದು ಕೇಳಿದಳು. ಸಿದ್ಧರಾಮ ನಕ್ಕ. ಅವನ ಹೆಂಡತಿ ಶೈಲಶ್ರೀ ನಗಲಿಲ್ಲ. ಅವಳು ಮಗಳ ಬಾಯಿಗೆ ಹಾಲಲ್ಲಿ ನೆನೆಸಿದ ರೊಟ್ಟಿಯ ತುತ್ತು ಇಡುತ್ತಿದ್ದಳು.

ಮಗಳು ಭಾಗ್ಯಜ್ಯೋತಿಗೆ ಇಪ್ಪತ್ತೈದು. ಹುಟ್ಟುವಾಗ ಉಸಿರು ಕಟ್ಟಿ ಮಿದುಳಿಗೆ ಪೆಟ್ಟಾಗಿತ್ತು. ಅವಳಿಗೆ ಬರುತ್ತಿದ್ದುದು ಎರಡೇ ಮಾತು, ‘ಅವ್ವ’ ಮತ್ತು ‘ಬ್ಯಾಡ’. ನಡೆಯುತ್ತಿದ್ದಳು, ಆದರೆ ಎತ್ತ ಹೋಗುತ್ತಿದ್ದೇನೆಂಬುದು ಅವಳಿಗೆ ತಿಳಿಯುತ್ತಿರಲಿಲ್ಲ. ಉಣ್ಣಿಸಬೇಕು, ಮೀಯಿಸಬೇಕು, ತಿಂಗಳ ಬಟ್ಟೆ ಬದಲಿಸಬೇಕು, ದಿನಕ್ಕೆ ಮೂರು ಸಲ ಫಿಟ್ಸಿನ ಗುಳಿಗೆ ಕೊಡಬೇಕು. ಇದನ್ನೆಲ್ಲ ಮಾಡುತ್ತಿದ್ದವಳು ಶೈಲಶ್ರೀ ಒಬ್ಬಳೇ. ಈ ಇಪ್ಪತ್ತೈದು ವರ್ಷದಲ್ಲಿ ಅವಳು ಮಗಳನ್ನು ಬಿಟ್ಟು ಒಂದು ರಾತ್ರಿಯೂ ಬೇರೆ ಕಡೆ ಮಲಗಿರಲಿಲ್ಲ.

ಅವತ್ತು ಅವಳು, ನೀವು ಅಪ್ಪ ಮಗ ಹೋಗಿಬನ್ನಿ ಎಂದು ಮಾತು ಮುಗಿಸಿದಳು. ಆದರೆ ಅಮಿತ ಬಿಡಲಿಲ್ಲ. ಮುಂದಿನ ವಾರ ಬಂದಾಗ ಅವಳಿಗೆಂದು ಕ್ಯಾನ್ವಾಸ್ ಬೂಟು ತಂದ. ಜ್ಯೋತಿ ಏಳುವುದರೊಳಗೆ ಅಜ್ಜಿಯನ್ನು ಅವಳ ಹತ್ತಿರ ಕೂರಿಸಿ, ತಾಯಿಯನ್ನು ಕೆರೆಯ ಏರಿಯ ಮೇಲೆ ನಡೆಸಿದ. ಮೊದಲ ದಿನ ಶೈಲಶ್ರೀ ಅರ್ಧ ದಾರಿಗೇ ಕೂತುಬಿಟ್ಟಳು. ಸೆಪ್ಟೆಂಬರಿನ ಹೊತ್ತಿಗೆ ಮಗ ಇಲ್ಲದ ದಿನವೂ ಒಬ್ಬಳೇ ಹೋಗಿ, ಬೆವರು ಒರೆಸಿಕೊಳ್ಳುತ್ತ ಬಂದು, ರೊಟ್ಟಿ ಬಡಿಯಲು ಕೂರುತ್ತಿದ್ದಳು. ಒಂದು ಭಾನುವಾರ ಅಮಿತ ಕೊಳವೆ ತಂದು, ದೊಡ್ಡ ಬಕೆಟ್ಟಿನಲ್ಲಿ ನೀರು ತುಂಬಿಸಿ, ಅದರಲ್ಲಿ ಮುಖ ಇಟ್ಟು ಬಾಯಿಂದ ಉಸಿರಾಡುವುದನ್ನು ಕಲಿಸಿದ. ಶೈಲಶ್ರೀ ನೀರು ಕುಡಿದು ಕೆಮ್ಮಿದಳು, ಮತ್ತೆ ಮುಖ ಇಟ್ಟಳು. ಗುರವ್ವ ಸೆರಗು ಬಾಯಿಗಿಟ್ಟು ನಕ್ಕಳು. ಜ್ಯೋತಿಯೂ ನಕ್ಕು ನೀರನ್ನು ಅಂಗೈಯಿಂದ ಬಡಿದಳು. ಆ ಮನೆಯಲ್ಲಿ ಅಷ್ಟು ನಗು ಕೇಳಿ ಬಹಳ ದಿನ ಆಗಿತ್ತು.

ಟಿಕೀಟಿಗೆ ಹೆಸರು ಕೊಡುವ ಹೊತ್ತು ಬಂದಾಗ, ಯಾರೂ ಬಾಯಿಬಿಟ್ಟು ಆಡದಿದ್ದ ಮಾತು ಎದುರಿಗೆ ಬಂತು. ಜನಜಂಗುಳಿ ಕಂಡರೆ ಜ್ಯೋತಿ ಕಿರುಚುತ್ತಿದ್ದಳು, ಬಸ್ಸಿನಲ್ಲೇ ಎರಡು ಸಲ ಫಿಟ್ಸ್ ಬಂದಿತ್ತು. ವಿಮಾನ, ದೋಣಿ, ಕಾಡು ಅವಳಿಗೆ ಆಗದ ಮಾತು. ಎಂಟು ದಿನ ಅವಳನ್ನು ಯಾರು ನೋಡಿಕೊಳ್ಳಬೇಕು? ಎಪ್ಪತ್ತೆಂಟರ ಗುರವ್ವನಿಂದ ಅವಳನ್ನು ಎತ್ತುವುದು ಸಾಧ್ಯವಿರಲಿಲ್ಲ. ಎಂಟೇ ದಿನ, ಯಾರಾದರೂ ಆದಾರು ಎಂದ ಸಿದ್ಧರಾಮ. ಅವನಿಗೆ ಬಸವನ ಬಾಗೇವಾಡಿಯಲ್ಲಿ ತಂಗಿ ಇದ್ದಳು, ಶೈಲಶ್ರೀಗೆ ಮುದ್ದೇಬಿಹಾಳದಲ್ಲಿ ಅಣ್ಣ ಇದ್ದ.

ಮೊದಲು ಬಾಡಿಗೆ ಗಾಡಿ ಮಾಡಿಕೊಂಡು ಬಾಗೇವಾಡಿಗೆ ಹೋದರು. ತಂಗಿ ತಿಪ್ಪವ್ವ ಶೇಂಗಾ ಹೋಳಿಗೆ ಮಾಡಿದ್ದಳು. ಜ್ಯೋತಿಗೆ ತಾನೇ ತುಪ್ಪ ಹಚ್ಚಿ ಚೂರು ಮಾಡಿ ತಿನ್ನಿಸಿದಳು, ಬೈತಲೆ ತೆಗೆದು ಹೆರಳು ಹಾಕಿದಳು. ಸಿದ್ಧರಾಮನಿಗೆ ಕೆಲಸ ಆದಂತೆಯೇ ಅನಿಸಿತು. ಊಟವಾದ ಮೇಲೆ ಗಂಡಸರು ಹೊರಗೆ ಕೂತಾಗ ತಿಪ್ಪವ್ವ ಅಡುಗೆಮನೆಯಲ್ಲಿ ಶೈಲಶ್ರೀಯ ಕೈ ಹಿಡಿದಳು.

“ವೈನಿ, ನೀವ್ ತಪ್ಪ ತಿಳೀಬ್ಯಾಡ್ರಿ. ನಮ್ಮ ಮನ್ಯಾಗ ವಯಸ್ಸಿಗಿ ಬಂದ ಎರಡು ಗಂಡು ಹುಡುಗ್ರು ಅದಾವು. ಅವರ ದೋಸ್ತರು ಬರ್ತಾರ, ಹೋಗ್ತಾರ. ಇಕಿ ಮೈಮ್ಯಾಲಿನ ಅರಿವಿ ಜಾರಿದ್ರ ಎಳಕೊಳ್ಳಾಕ ತಿಳಿಯೂದಿಲ್ಲ. ನಾಳೆ ಏನರೆ ಆತಂದ್ರ ಯಾರು ಮಾಡಿದ್ರು ಅಂತ ಹೇಳಾಕೂ ಇಕಿಗಿ ಬಾಯಿಲ್ಲ.”

ಶೈಲಶ್ರೀಗೆ ಸಿಟ್ಟು ಬರಲಿಲ್ಲ. ಬರಬೇಕಿತ್ತು ಎಂದು ಆಮೇಲೆ ದಾರಿಯಲ್ಲಿ ಅನಿಸಿತು. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳ ಮೇಲೆಯೇ ಹೆತ್ತವಳು ಭರವಸೆ ಇಡದಿದ್ದ ಮೇಲೆ ಅವಳೊಡನೆ ವಾದ ಮಾಡುವುದಕ್ಕೇನು ಉಳಿಯಿತು? ಮನೆಗೆ ಬಂದು ಗಂಡನಿಗೆ ಹೇಳಿದಾಗ ಸಿದ್ಧರಾಮ ತಂಗಿಯನ್ನು ಬಯ್ದ. ಗುರವ್ವ ಮಗಳ ಪರ ವಹಿಸಿದಳು. ಆ ವಾರ ಅತ್ತೆ ಸೊಸೆ ಮಾತಾಡಲಿಲ್ಲ. ಶೈಲಶ್ರೀ ಪುಂಡಿಪಲ್ಯ ಮಾಡಿ ಮುಚ್ಚಿಡುತ್ತಿದ್ದಳು, ಗುರವ್ವ ತಾನೇ ಬಡಿಸಿಕೊಂಡು ಉಣ್ಣುತ್ತಿದ್ದಳು.

ಮುದ್ದೇಬಿಹಾಳದ ಅಣ್ಣ ಪರಪ್ಪನ ಮನೆಯಲ್ಲಿ ಗಂಡು ಮಕ್ಕಳಿರಲಿಲ್ಲ. ಅವನದು ಕಾಳು ಕೊಂಡು ಮಾರುವ ಅಡತಿ ಅಂಗಡಿ. ಫೋನಿನಲ್ಲಿ ಕೇಳಿದ ಕೂಡಲೇ ಒಪ್ಪಿದ. ಮೊದಲು ಎರಡು ದಿನ ಬಿಟ್ಟು ನೋಡು, ಅವಳಿಗೂ ರೂಢಿಯಾಗಲಿ ಎಂದು ಅವನೇ ಹೇಳಿದ. ದಸರೆಯ ರಜೆಯಲ್ಲಿ ಮತ್ತೆ ಬಾಡಿಗೆ ಗಾಡಿಯಲ್ಲಿ ಕರೆದುಕೊಂಡು ಹೋದರು. ಗುಳಿಗೆಯ ಹೊತ್ತು, ಉಣ್ಣುವ ಹೊತ್ತು, ಕಕ್ಕಸಿಗೆ ಕರೆದೊಯ್ಯುವ ಹೊತ್ತು ಎಲ್ಲವನ್ನೂ ಅಮಿತ ದೊಡ್ಡ ಅಕ್ಷರದಲ್ಲಿ ಬರೆದು ಅವರ ಅಡುಗೆಮನೆಯ ಗೋಡೆಗೆ ಅಂಟಿಸಿದ. ಹೊರಡುವಾಗ ಜ್ಯೋತಿ ಹಿಂದೆ ಬರಲಿಲ್ಲ. ಪರಪ್ಪನ ಹೆಂಡತಿ ಕೊಟ್ಟ ಉಂಡಿ ತಿನ್ನುತ್ತ ಕೂತಿದ್ದಳು.

ಸಿಂದಗಿಗೆ ಬಂದ ಶೈಲಶ್ರೀಗೆ ಕೈಗೆ ಏನು ಕೆಲಸ ಕೊಡಬೇಕೆಂದು ತಿಳಿಯಲಿಲ್ಲ. ಮರುದಿನ ಮುಂಜಾನೆ ಏರಿಯ ಮೇಲೆ ಎರಡು ಸುತ್ತು ಹೋದಳು. ಬಿಸಿ ರೊಟ್ಟಿಯನ್ನು ಬಿಸಿ ಇರುವಾಗಲೇ ತಾನೂ ತಿಂದಳು. ಹನ್ನೊಂದು ಗಂಟೆಗೆ ಸೀರೆ ಬದಲಿಸಿ, ಯಾರಿಗೂ ಫೋನು ಮಾಡದೆ, ಗಂಡನಿಗೆ ಕಚೇರಿಯ ಬಾಗಿಲಲ್ಲಿ ಒಂದು ಮಾತು ಹೇಳಿ ಬಸ್ ಸ್ಟ್ಯಾಂಡಿಗೆ ಹೋದಳು. ಇನ್ನೊಂದು ದಿನ ಇರುವಾಗಲೇ ಯಾಕೆ ಎಂದು ಸಿದ್ಧರಾಮ ಕೇಳುವಷ್ಟರಲ್ಲಿ ಅವಳು ಬೀದಿಗೆ ಇಳಿದಿದ್ದಳು.

ಅಣ್ಣನ ಮನೆಯ ಮುಂಬಾಗಿಲು ತೆರೆದೇ ಇತ್ತು. ಹಿತ್ತಲ ಕಡೆಯ ಕೋಣೆಯಿಂದ ಸದ್ದು ಬರುತ್ತಿತ್ತು. ತೊಗರಿಯ ಚೀಲ ಒಟ್ಟಿದ ಆ ಕೋಣೆಯಲ್ಲಿ ಜ್ಯೋತಿ ನೆಲದ ಮೇಲೆ ಕೂತಿದ್ದಳು. ಹಳೆಯ ಧೋತರ ಸೀಳಿ ಅವಳ ಎರಡೂ ಕೈ ಕಿಟಕಿಯ ಸರಳಿಗೆ ಕಟ್ಟಿದ್ದರು. ಉಟ್ಟದ್ದೆಲ್ಲ ಒದ್ದೆಯಾಗಿತ್ತು. ಅವ್ವನನ್ನು ಕಂಡು ಅವಳು ಅಳಲಿಲ್ಲ. ಕೈಯನ್ನಷ್ಟೇ ಮುಂದೆ ಚಾಚಲು ನೋಡಿದಳು.

ಶೈಲಶ್ರೀ ಗಂಟು ಬಿಚ್ಚಿದಳು. ಬಚ್ಚಲಿಗೆ ಕರೆದೊಯ್ದು ಮೀಯಿಸಿ, ಒಣಗಿದ ಬಟ್ಟೆ ಹಾಕಿದಳು. ಪರಪ್ಪನ ಹೆಂಡತಿ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ಅವಳ ಮುಂಗೈ ಬಾತು ಹಲ್ಲಿನ ಗುರುತು ಕಪ್ಪಾಗಿತ್ತು. ಗುಳಿಗೆ ಕೊಡಲು ಹೋದಾಗ ಜ್ಯೋತಿ ಕಚ್ಚಿದ್ದಳಂತೆ. ರಾತ್ರಿಯೆಲ್ಲ ಅವ್ವಾ ಅವ್ವಾ ಎಂದು ಕಿರುಚಿ, ಬೆಳಗಾಗುತ್ತಲೇ ಬೀದಿಗೆ ಓಡಿದ್ದಳಂತೆ. ಅಷ್ಟರಲ್ಲಿ ಪರಪ್ಪ ಅಂಗಡಿಯಿಂದ ಬಂದ.

“ಗಾಡಿ ಬಡದಿದ್ರ ನಿನಗ ಏನಂತ ಹೇಳ್ಲಿ ತಂಗಿ? ನಮ್ಮ ಕೈಲಿ ಇಕಿ ನಿಂದ್ರಲಿಲ್ಲ. ನೀನಾರೆ ಹ್ಯಾಂಗ ಇಟ್ಕೊಂಡಿ?”

ಅವನು ನಿಜವಾಗಿಯೂ ಕೇಳುತ್ತಿದ್ದ. ಶೈಲಶ್ರೀ ಗೋಡೆಗೆ ಅಂಟಿಸಿದ್ದ ಹಾಳೆ ಕಿತ್ತುಕೊಂಡು ಚೀಲದಲ್ಲಿ ಹಾಕಿದಳು. “ಕಟ್ಟಲಾರದ ಇಟ್ಕೊಂಡೇನಿ ಅಣ್ಣಾ” ಎಂದಳು. ಚಹಾ ಕುಡಿದು ಹೋಗೆಂದು ಅವರು ಹೇಳಿದರೂ ನಿಲ್ಲದೆ, ಬಾಡಿಗೆ ಗಾಡಿ ಹಿಡಿದು ಮಗಳೊಡನೆ ಹೊರಟಳು.

ಮರುದಿನ ಭಾನುವಾರ, ಮನೆಯಲ್ಲಿ ಎಲ್ಲರೂ ಇದ್ದರು. ಜ್ಯೋತಿಯ ಮುಂಗೈಯ ಕೆಂಪು ಗೆರೆಗಳಿಗೆ ಗುರವ್ವ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ಶೈಲಶ್ರೀ ಜುಣಕ ಬಡಿಸುತ್ತ, ಆಗಲೇ ತೆಗೆಸಿದ್ದ ತನ್ನ ಟಿಕೀಟು ರದ್ದು ಮಾಡಿಬಿಡು ಎಂದು ಅಮಿತನಿಗೆ ಹೇಳಿದಳು. ಅಮಿತ ತಟ್ಟೆ ಸರಿಸಿದ. ಅವ್ವ ಬಾರದಿದ್ದರೆ ತಾನೂ ಹೋಗುವುದಿಲ್ಲ ಎಂದ. ಒಂದು ವಾರ, ಬರೇ ಒಂದು ವಾರ ಅವಳನ್ನು ಈ ಮನೆಯಿಂದ ಹೊರಗೆ ತರಲು ಇಷ್ಟು ಜನರಿಂದ ಆಗುವುದಿಲ್ಲವೇ ಎಂದು ಯಾರನ್ನೂ ನೋಡದೆ ಕೇಳಿದ. ಸಿದ್ಧರಾಮನಿಗೆ ಅದು ತನಗೇ ಹೇಳಿದ ಮಾತು ಅನಿಸಿತು.

“ವಾರದ ಮಾತ ಆಡಾಕತ್ತಿ ನೀ” ಎಂದ. “ನಾವಿಬ್ಬರೂ ಹೋದ ಮ್ಯಾಲ ಇಕಿ ನಿನ್ನ ಪಾಲಿಗಿ ಬರಾಕಿ. ಗುಳಿಗಿ ಕೊಡೂದು, ಉಣಸೂದು ಈಗಿಂದ ಕಲಿ.”

“ಅದನ್ನ ನೀವು ನನಗ ಒಮ್ಮೆರ ಕೇಳೀರೇನ್ರಿ ಯಪ್ಪಾ?”

“ಕೇಳೂದೇನೈತಿ? ಒಡಹುಟ್ಟಿದಕಿ ಅದಾಳ.”

ಅಮಿತ ಅಕ್ಕನ ಕಡೆ ನೋಡಿದ. ಅವಳು ತನ್ನ ತಟ್ಟೆಯ ಅಂಚನ್ನು ಬೆರಳಿಂದ ಸವರುತ್ತಿದ್ದಳು. ಅವನ ದನಿ ಏರಲಿಲ್ಲ.

“ನನಗ ಆಗಂಗಿಲ್ರಿ. ಈಗ ಹೂಂ ಅಂದು, ನಾಳೆ ನಾನೂ ಸೋದರಮಾವ ಮಾಡಿದಂಗ ಕಿಟಕಿಗಿ ಕಟ್ಟೂದಕಿಂತ, ಈಗ ಇಲ್ಲ ಅಂತೇನಿ.”

ಸಿದ್ಧರಾಮ ಕೈ ತೊಳೆಯದೆ ಎದ್ದ. ಹೊಡೆಯುತ್ತಾನೇನೋ ಎಂದು ಶೈಲಶ್ರೀ ನಡುವೆ ಬಂದಳು. ಅವನು ಹೊಡೆಯಲಿಲ್ಲ, ಬಾಗಿಲವರೆಗೆ ಹೋಗಿ ನಿಂತ. ಮಾತಾಡಿದವಳು ಗುರವ್ವ.

“ಅಂವಾ ಖರೇ ಹೇಳ್ಯಾನ ಸಿದ್ಧು. ಇಷ್ಟ ದಿನ ನಮ್ಮ ಮನ್ಯಾಗ ಯಾರೂ ಖರೇ ಹೇಳಿರಲಿಲ್ಲ. ಕುಂತು ಉಣ್ಣು.”

ಯಾರೂ ಉಣ್ಣಲಿಲ್ಲ. ಅಮಿತ ಸಂಜೆಯ ಬಸ್ಸಿಗೆ ಹೋಗಬೇಕಾದವನು ಮಧ್ಯಾಹ್ನವೇ ಇಂಡಿಗೆ ಹೋದ. ಮೂರು ವಾರ ಮನೆಗೆ ಬರಲಿಲ್ಲ. ಶೈಲಶ್ರೀ ದಿನಾ ಫೋನು ಮಾಡುತ್ತಿದ್ದಳು. ಉಂಡೆಯಾ, ಏನು ಉಂಡೆ, ಅಷ್ಟೇ ಮಾತು. ಅವಳಿಗೆ ಮಗನ ಮೇಲೆ ಸಿಟ್ಟಿರಲಿಲ್ಲ. ಅವನು ಹೇಳಿದ ಮಾತನ್ನು ಅವಳು ಎಷ್ಟೋ ವರ್ಷದಿಂದ ಬಲ್ಲಳು. ಬೇರೆಯವರ ಬಾಯಲ್ಲಿ ಕೇಳಿರಲಿಲ್ಲ, ಅಷ್ಟೇ.

ನವೆಂಬರಿನಲ್ಲಿ ಒಂದು ದಿನ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, ಜ್ಯೋತಿಯನ್ನೂ ಕರೆದುಕೊಂಡೇ ಹೋಗೋಣ ಎಂದಳು. ಸಿದ್ಧರಾಮ ಬೇಡವೆಂದ. ಅವಳು ಹಠ ಹಿಡಿದಳು. ಹಿಂದೆ ಯಾವುದಕ್ಕೂ ಅವಳು ಹಠ ಹಿಡಿದವಳಲ್ಲ. ವಿಜಯಪುರದ ಡಾಕ್ಟರು ಗುಳಿಗೆಯ ಪ್ರಮಾಣ ಏರಿಸಿ, ಸುಸ್ತಾಗದಂತೆ ನೋಡಿಕೊಂಡರೆ ಪ್ರಯತ್ನ ಮಾಡಬಹುದು, ಖಾತ್ರಿ ಕೊಡಲಾರೆ ಎಂದರು. ಶೈಲಶ್ರೀಗೆ ‘ಮಾಡಬಹುದು’ ಎಂಬುದಷ್ಟೇ ಕೇಳಿಸಿತು.

ಅವಳು ಮಗಳಿಗೆ ಪಯಣ ಕಲಿಸತೊಡಗಿದಳು. ಮೊದಲು ಬಸ್ ಸ್ಟ್ಯಾಂಡಿಗೆ ಹೋಗಿ ಸುಮ್ಮನೆ ಕೂತು ಬರುವುದು. ಆಮೇಲೆ ದೇವರ ಹಿಪ್ಪರಗಿಗೆ ಹೋಗಿ ಅದೇ ಬಸ್ಸಿಗೆ ವಾಪಸ್ಸು ಬರುವುದು. ಮೊದಲ ಸಲ ಜ್ಯೋತಿ ದಾರಿಯುದ್ದಕ್ಕೂ ‘ಬ್ಯಾಡ’ ಎಂದು ಕಿರುಚಿದಳು, ಮುಂದಿನ ಸೀಟಿನವರು ಎದ್ದು ಹೋದರು. ನಾಲ್ಕನೆಯ ಸಲ ಕಿಟಕಿಯ ಗಾಳಿಗೆ ಮುಖವಿಟ್ಟು ಸುಮ್ಮನೆ ಕೂತಳು. ಹಿಪ್ಪರಗಿಯಲ್ಲಿ ಇಳಿದು ಸಂತೆಯಲ್ಲಿ ಪೇರಲೆಹಣ್ಣು ತಿಂದಳು. ಅವತ್ತು ಶೈಲಶ್ರೀ ಅಮಿತನಿಗೆ ಫೋನು ಮಾಡಿ ಬಹಳ ಹೊತ್ತು ಮಾತಾಡಿದಳು.

ಆ ಶನಿವಾರ ಅಮಿತ ಬಂದ. ಅಪ್ಪ ಮಗ ನೇರವಾಗಿ ಮಾತಾಡದಿದ್ದರೂ ಒಂದೇ ಚಾಪೆಯ ಮೇಲೆ ಕೂತರು. ಅವನು ತನ್ನ ಪಟ್ಟಿ ತೆಗೆದು ಒಂದೊಂದೇ ಅಳಿಸಿದ. ಜಲಪಾತದ ನಡಿಗೆ ಬೇಡ, ಹುಟ್ಟಿನ ದೋಣಿ ಬೇಡ, ಎರಡನೆಯ ದ್ವೀಪಕ್ಕೆ ಹಡಗಿನ ಪಯಣವೂ ಬೇಡ. ಸಮುದ್ರದ ದಂಡೆಯ ಹತ್ತಿರ, ಮೆಟ್ಟಿಲಿಲ್ಲದ ಎರಡು ಕೋಣೆ. ಎಂಟು ದಿನ ಐದು ದಿನವಾಯಿತು. ಒಂದು ಮುಂಜಾನೆ ಮಾತ್ರ ಅವ್ವನಿಗೆ ಬಿಡಬೇಕು, ಅವತ್ತು ಅಪ್ಪ ಜ್ಯೋತಿಯ ಹತ್ತಿರ ಕೂರಬೇಕು, ಅವ್ವ ನೀರಿಗಿಳಿಯಬೇಕು. ಇದನ್ನು ಅವನು ಬರೆದು ಕೆಳಗೆ ಗೆರೆ ಎಳೆದ. ಸಿದ್ಧರಾಮ ಹೂಂ ಎಂದ.

ಗುರವ್ವನನ್ನು ಕರೆದೊಯ್ಯಲು ತಿಪ್ಪವ್ವ ತಾನಾಗಿ ಬಾಗೇವಾಡಿಯಿಂದ ಬಂದಳು. ತಾಯಿಗೆ ಐದಲ್ಲ, ಹದಿನೈದು ದಿನ ಇರು ಎಂದಳು. ದಾರಿಗೆಂದು ಕಟ್ಟಿದ ಕಡಕ್ ರೊಟ್ಟಿಯ ಗಂಟಿಗೆ ತಾನು ತಂದ ಶೇಂಗಾ ಚಟ್ನಿಪುಡಿಯ ಡಬ್ಬಿ ಸೇರಿಸಿದಳು. ಜ್ಯೋತಿಯ ತಲೆ ಸವರಿದಳು. ಶೈಲಶ್ರೀ ಅವಳಿಗೆ ಕುಂಕುಮ ಕೊಟ್ಟು ಕಳಿಸಿದಳು.

ಕಲಬುರಗಿಯವರೆಗೆ ಜ್ಯೋತಿ ಸುಮ್ಮನಿದ್ದಳು. ಅಲ್ಲಿಂದ ಹೈದರಾಬಾದಿಗೆ ಹೋಗುವ ಬಸ್ಸಿನಲ್ಲಿ ಗುಳಿಗೆಯ ಅಮಲಿಗೆ ನಿದ್ದೆ ಹೋದಳು. ಮುಂಜಾನೆ ವಿಮಾನ ನಿಲ್ದಾಣದ ಗಾಜಿನ ಬಾಗಿಲು ತಾನಾಗಿ ತೆರೆದಾಗ ಅವಳು ನಿಂತು ನೋಡಿದಳು, ಮುಚ್ಚಿದಾಗ ನಕ್ಕಳು. ಚೀಲ ಕೊಟ್ಟು ಚೀಟಿ ತೆಗೆದುಕೊಂಡರು. ಶೈಲಶ್ರೀ ಗಂಡನ ಕಡೆ ತಿರುಗಿ, ಎಷ್ಟು ಶಾಣೆ ಆಗಿದ್ದಾಳೆ ನೋಡಿರಿ ಎಂದಳು.

ತಪಾಸಣೆಯ ಸಾಲಿನಲ್ಲಿ ಹೆಂಗಸರದು ಬೇರೆ, ಗಂಡಸರದು ಬೇರೆ. ಪರದೆಯೊಳಗೆ ಶೈಲಶ್ರೀಯೂ ಮಗಳ ಜೊತೆ ಹೋದಳು. ಸಮವಸ್ತ್ರದ ಹೆಂಗಸು ಒಳ್ಳೆಯವಳೇ ಇದ್ದಳು, ಮೆಲ್ಲಗೆ ಮಾತಾಡಿದಳು. ಆದರೆ ಅವಳ ಕೈಯ ಯಂತ್ರ ಜ್ಯೋತಿಯ ಬೆನ್ನ ಹತ್ತಿರ ಬಂದು ಕೂಗಿದ್ದೇ ತಡ, ಜ್ಯೋತಿ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. ‘ಬ್ಯಾಡ’ ಎಂದಳು, ಇನ್ನೊಮ್ಮೆ ಎಂದಳು, ಮೂರನೆಯ ಸಲ ದನಿ ಅರ್ಧಕ್ಕೇ ನಿಂತು ಕಣ್ಣು ಮೇಲೆ ಹೋಯಿತು. ಶೈಲಶ್ರೀ ಹಿಡಿಯುವಷ್ಟರಲ್ಲಿ ತಲೆ ಕಬ್ಬಿಣದ ಕಂಬಕ್ಕೆ ಬಡಿದಿತ್ತು.

ಅಷ್ಟು ಉದ್ದದ ಫಿಟ್ಸ್ ಆ ತನಕ ಬಂದಿರಲಿಲ್ಲ. ನಿಲ್ದಾಣದ ಡಾಕ್ಟರು ಓಡಿಬಂದು ಇಂಜೆಕ್ಷನ್ ಕೊಟ್ಟರು, ಹಣೆಗೆ ಪಟ್ಟಿ ಕಟ್ಟಿದರು. ಇವತ್ತು ಹಾರುವ ಮಾತೇ ಇಲ್ಲ, ಇನ್ನು ಮುಂದೆಯೂ ಇಂಥ ಸಾಹಸ ಮಾಡಬೇಡಿ ಎಂದು ಹಿಂದಿಯಲ್ಲಿ ಹೇಳಿದರು. ಸಿದ್ಧರಾಮ ಅದನ್ನು ಹೆಂಡತಿಗೆ ಕನ್ನಡದಲ್ಲಿ ಹೇಳಲು ಹೋದ. ತಿಳಿಯಿತು ಎಂದಳು.

ವಿಮಾನದವರು ಹೆಸರು ಹಿಡಿದು ಕರೆಯತೊಡಗಿದ್ದರು. ನಾಲ್ಕು ಹೆಸರು, ಒಂದಾದ ಮೇಲೊಂದು.

“ನೀ ಹೋಗು” ಎಂದು ಶೈಲಶ್ರೀ ಅಮಿತನಿಗೆ ಹೇಳಿದಳು.

“ಒಬ್ಬನ ಹೋಗಿ ಏನ್ ಮಾಡ್ಲಿ ಬೇ? ನಾನೂ ಬರ್ತೇನಿ ಮನಿಗಿ.”

“ಬಂದು ಏನ್ ಮಾಡ್ತಿ? ಆ ಜಲಪಾತ ನೋಡು. ಆ ದೋಣ್ಯಾಗ ಹೋಗು. ನೀ ಪಟ್ಟಿಯಾಗ ಬರ್ದದ್ದೆಲ್ಲಾ ಮಾಡಿ ಬಾ. ನಮ್ಮನ್ಯಾಗ ಒಬ್ಬರರೆ ನೋಡ್ಲಿ.”

ಅಮಿತ ತಂದೆಯ ಮುಖ ನೋಡಿದ. ಎರಡು ತಿಂಗಳ ಮೇಲೆ ಸಿದ್ಧರಾಮ ಅವನೊಡನೆ ನೇರ ಮಾತಾಡಿದ. ಹೋಗಿ ಬಾ ಎಂದ. ಅಮಿತ ಗಾಲಿಕುರ್ಚಿಯಲ್ಲಿ ಮಲಗಿದ್ದ ಅಕ್ಕನ ಹತ್ತಿರ ಬಗ್ಗಿ, ಅವಳ ಚಪ್ಪಲಿ ಸರಿಮಾಡಿದ. ಆಮೇಲೆ ಚೀಲ ಹೆಗಲಿಗೆ ಏರಿಸಿ ಹೋದ. ಮೊದಲು ಮೆಲ್ಲಗೆ ಹೋದ, ಸ್ವಲ್ಪ ದೂರದ ಮೇಲೆ ಓಡಿದ. ಅವನು ಕಣ್ಮರೆಯಾಗುವವರೆಗೆ ಶೈಲಶ್ರೀ ನೋಡುತ್ತ ನಿಂತಳು.

ಒಂದು ದಿನ ಹೈದರಾಬಾದಿನ ಲಾಡ್ಜಿನಲ್ಲಿ ಉಳಿದು, ಜ್ಯೋತಿ ಕಣ್ಣು ಬಿಟ್ಟು ಎರಡು ತುತ್ತು ತಿಂದ ಮೇಲೆ ವಾಪಸ್ಸು ಹೊರಟರು. ಕಲಬುರಗಿಯಲ್ಲಿ ಸಿಂದಗಿಯ ಬಸ್ಸು ಸಿಕ್ಕಿತು. ಮೂವರ ಸೀಟಿನಲ್ಲಿ ಜ್ಯೋತಿಯನ್ನು ನಡುವೆ ಕೂರಿಸಿಕೊಂಡರು. ಭೀಮಾ ನದಿಯ ಸೇತುವೆ ದಾಟಿತು, ಜೇವರ್ಗಿ ದಾಟಿತು. ಎರಡೂ ಕಡೆ ಹಿಂಗಾರಿ ಜೋಳ ಎದೆಯುದ್ದ ನಿಂತಿತ್ತು. ಸಿದ್ಧರಾಮ, ಹಿಂಗಾರಿ ಈ ವರ್ಷ ಚಲೋ ಬಂದಿದೆ ಎಂದು ಏನೋ ಹೇಳಿದ. ಶೈಲಶ್ರೀ ಮಗಳ ಹಣೆಯ ಪಟ್ಟಿ ಸರಿಮಾಡಿದಳು.

“ರೀ, ಒಂದ್ ಮಾತ ಹೇಳ್ತೇನಿ. ಬಯ್ಯಬ್ಯಾಡ್ರಿ.”

“ಹೇಳು.”

“ನಾವಿಬ್ಬರೂ ಇದ್ದಾಗ ಅಕಿ ಹೋಗ್ಲಿ. ನಮ್ಮಕಿಂತ ಮೊದಲ ಹೋಗ್ಲಿ.”

ಹತ್ತು ವರ್ಷದ ಕೆಳಗೆ ನೆಂಟರೊಬ್ಬರು ಜ್ಯೋತಿಯ ಬಗ್ಗೆ ಇಂಥದೇ ಮಾತಾಡಿದ್ದಕ್ಕೆ ಸಿದ್ಧರಾಮ ಅವರ ಮನೆಯ ಹೊಸ್ತಿಲು ತುಳಿಯುವುದನ್ನೇ ಬಿಟ್ಟಿದ್ದ. ಅವನು ಕಿಟಕಿಯ ಕಡೆ ತಿರುಗಿದ. ಒಂದು ಊರು ಬಂತು, ಜನ ಇಳಿದರು, ಹತ್ತಿದರು. ಬಸ್ಸು ಮತ್ತೆ ಹೊರಟಿತು.

“ನಾನೂ ಅದ ಬೇಡ್ಕೋತೇನಿ” ಎಂದ. “ಭಾಳ ವರ್ಷ ಆತು. ನಿನಗ ಹೇಳಿರಲಿಲ್ಲ.”

ರಸ್ತೆ ಕೆಟ್ಟಿತ್ತು, ಬಸ್ಸು ಎತ್ತಿ ಎತ್ತಿ ಹಾಕುತ್ತಿತ್ತು. ಜ್ಯೋತಿ ನಿದ್ದೆಯಲ್ಲಿ ತೂಗಿ ತೂಗಿ ಮುಂದಿನ ಸೀಟಿನ ಸರಳಿಗೆ ತಲೆ ತಾಗಿಸುವಂತಾದಾಗ, ಇಬ್ಬರೂ ಒಟ್ಟಿಗೇ ಕೈ ಅಡ್ಡ ಇಟ್ಟರು.